ಹಿಮ ಬಿಟ್ಟ ಮಾಳಿಗೆ

ನಾನು ಬೆಳೆಯುವುದು ನಿಂತು ಎಷ್ಟೋ ವರ್ಷಗಳಾದ ಮೇಲೆ ನನ್ನ ತಲೆ ನಡುಮನೆಯ ತೊಲೆಗೆ ತಾಗತೊಡಗಿತು. ಮೊದಲ ಸಲ ತಾಗಿದ ದಿನ ಕೈಯಲ್ಲಿ ಹಿಟ್ಟಿನ ಬೋಗುಣಿ ಇತ್ತು. ಹಣೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಅಪ್ಪ ಹೊಲಿಯುತ್ತಿದ್ದ ಅಟ್ಟೆಯಿಂದ ತಲೆ ಎತ್ತಲಿಲ್ಲ.

"ನೋಡ್ಕೊಂಡು ಓಡಾಡಮ್ಮ ಖುನಾವ್. ಮನೆಗೂ ವಯಸ್ಸಾಯ್ತು, ಸ್ವಲ್ಪ ಬಗ್ಗಿದೆ," ಅಂದ.

ಅವತ್ತಿನಿಂದ ಆ ಜಾಗಕ್ಕೆ ಬಂದಾಗ ನಾನೂ ಬಗ್ಗುವುದನ್ನು ಕಲಿತೆ.

ಮಾಳಿಗೆ ಒಂದೇ ದಿನದಲ್ಲಿ ಕೆಳಗಿಳಿದದ್ದಲ್ಲ. ಹಿಮ ಬೀಳುವಾಗ ಹತ್ತಿಯಷ್ಟು ಹಗುರ, ಪಾಪದ್ದು ಅನಿಸುತ್ತದೆ. ಕೂತ ಮೇಲೆ ಅದರ ಬುದ್ಧಿಯೇ ಬೇರೆ. ನಮ್ಮ ಒಲೆಯ ಬಿಸಿಗೆ ಅಡಿಯಿಂದ ಕರಗುತ್ತದೆ, ಹೊರಗಿನ ಚಳಿಗೆ ಮತ್ತೆ ಗಟ್ಟಿಯಾಗುತ್ತದೆ, ಅದರ ಮೇಲೆ ಹೊಸ ಹಿಮ ಬಂದು ಕೂರುತ್ತದೆ. ಕರಗಿದ ನೀರು ಮಣ್ಣಿಗೆ ಇಳಿದು ಅಲ್ಲೇ ಹೆಪ್ಪುಗಟ್ಟಿ ಮಣ್ಣನ್ನು ಬಿರಿಸುತ್ತದೆ. ವಸಂತ ಬಂತೆಂದು ಊರೆಲ್ಲ ಕುಣಿಯುವ ಹೊತ್ತಿಗೆ ನಮ್ಮ ಹಾಸಿಗೆಯ ಮೇಲೆ ತೊಟ್ಟಿಕ್ಕತೊಡಗುತ್ತದೆ. ಸೋರಿದ ಕಡೆಗೆಲ್ಲ ಅಪ್ಪ ಚಳಿ ಹಿಡಿಯುವ ಮೊದಲು ಮಣ್ಣಿಗೆ ಗೋಧಿ ಹೊಟ್ಟು ಕಲಸಿ ಗಿಲಾವು ಹಾಕುತ್ತಿದ್ದ, ಉರುಳುಗಲ್ಲು ಎಳೆದು ಗಟ್ಟಿ ಮಾಡುತ್ತಿದ್ದ. ಹಳೆಯದನ್ನು ಕೆರೆದು ತೆಗೆಯುವ ಗೋಜಿಗೆ ಯಾರು ಹೋಗುತ್ತಾರೆ? ಅದರ ಮೇಲೇ ಇನ್ನೊಂದು ಪದರ. ತಾತ ಹಾಕಿದ್ದು, ಅಪ್ಪ ಹಾಕಿದ್ದು ಎಲ್ಲ ಸೇರಿ ನಮ್ಮ ಮಾಳಿಗೆ ಒಂದು ಮೊಳ ದಪ್ಪವಾಗಿತ್ತು. ಅಷ್ಟನ್ನೂ ಹೊತ್ತು ನಿಂತದ್ದು ಒಂದೇ ಒಂದು ಪಾಪ್ಲರ್ ಮರದ ತೊಲೆ.

ಆದರೂ ಹಿಮ ಬಿದ್ದ ಬೆಳಗು ನನಗೆ ಇಷ್ಟ. ಬೆಳಕಿಂಡಿಯ ಗಾಜಿನ ಮೇಲೆ ಹಿಮ ಕೂತು ಒಳಗೆಲ್ಲ ತಿಳಿನೀಲಿ ಬೆಳಕಾಗುತ್ತದೆ. ಕೋಳಿ, ನಾಯಿ, ಕೆಳಗೆ ಹರಿಯುವ ಸಿರ್ವಾನ್ ಹೊಳೆ, ಎಲ್ಲದರ ಸದ್ದೂ ದೂರ ಹೋಗುತ್ತದೆ. ಹಾಸಿಗೆಯಲ್ಲಿ ಕಣ್ಣು ಬಿಟ್ಟರೂ ನಿದ್ದೆಯಿಂದ ಪೂರ್ತಿ ಹೊರಗೆ ಬಂದಿರುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಹೂಂ ಅಂದುಬಿಡುತ್ತೇನೆ ಅಂತ ಅಮ್ಮ ನಗುತ್ತಿದ್ದಳು.

ನಮ್ಮ ಊರುಗಳಲ್ಲಿ ಕೆಳಗಿನವರ ಮಾಳಿಗೆಯೇ ಮೇಲಿನವರ ಅಂಗಳ. ಯಾರ ಮಾಳಿಗೆಯ ಮೇಲೆ ಏನಾದರೂ ಊರಿಗೆ ಊರೇ ನೋಡುತ್ತದೆ. ಅದಕ್ಕೇ ಇರಬೇಕು, ಹೆಣ್ಣು ಕೇಳುವ ಕೆಲಸವನ್ನೂ ನಮ್ಮ ಹಿರಿಯರು ಮಾಳಿಗೆಗೇ ಹತ್ತಿಸಿದರು. ದೊಡ್ಡ ಹಿಮ ಬಿದ್ದಾಗ ಹುಡುಗ ಸಲಿಕೆ ಹೆಗಲಿಗೆ ಹಾಕಿಕೊಂಡು, ಯಾರೂ ಕರೆಯದೆ, ಹುಡುಗಿಯ ಮನೆಯ ಮಾಳಿಗೆ ಹತ್ತಿ ಹಿಮ ತಳ್ಳುತ್ತಾನೆ. ಕೊಡುವ ಮನಸ್ಸಿರುವವರು ಮಧ್ಯಾಹ್ನದವರೆಗೆ ಹಿಮವನ್ನು ಹಾಗೇ ಬಿಟ್ಟಿರುತ್ತಾರೆ. ಅವನು ತಳ್ಳಿ ಮುಗಿಸುವುದರೊಳಗೆ ಮಾಳಿಗೆಯ ಮೇಲೆ ಟೀ ತಟ್ಟೆ ಇಟ್ಟರೆ ಒಪ್ಪಿದಂತೆ. ಇಡದಿದ್ದರೆ ಅವನು ಸಲಿಕೆ ಕೊಡವಿಕೊಂಡು ಇಳಿದು ಹೋಗುತ್ತಾನೆ. ಹಾಗೆ ಟೀ ಸಿಗದೆ ಇಳಿದವನು ಆ ಚಳಿಗಾಲ ಇನ್ನೊಂದು ಮಾಳಿಗೆ ಹತ್ತುವಂತಿಲ್ಲ. ಮಗಳನ್ನು ಕೊಡುವುದೇ ಇಲ್ಲ ಅನ್ನುವವರು ಬೆಳಕು ಹರಿಯುವ ಮೊದಲೇ ತಮ್ಮ ಹಿಮ ತಾವೇ ತಳ್ಳಿ ಮಾಳಿಗೆ ಬೋಳು ಮಾಡಿರುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ, ಯಾರ ಮಾನವೂ ಹೋಗುವುದಿಲ್ಲ.

ನನಗೆ ಹದಿನೆಂಟು ತುಂಬಿದ ಚಳಿಗಾಲ ಅಪ್ಪ ಮೊದಲ ಹಿಮವನ್ನು ಹಾಗೇ ಬಿಟ್ಟ. ನಾನು ಒಳಗೆ ನೂಲು ಹಿಡಿದು ಕೂತೆ. ಅಪ್ಪ ಬಟ್ಟೆಯ ಚೂರುಗಳನ್ನು ಬಡಿದು ಕಲಾಶ್ ಜೋಡಿನ ಅಟ್ಟೆ ಮಾಡುತ್ತಾನೆ, ಮೇಲಿನ ಬಿಳಿ ಹೆಣಿಗೆ ನನ್ನದು. ಅವತ್ತು ಒಂದು ಸಾಲೂ ಹೆಣೆಯಲಿಲ್ಲ. ಕಿವಿ ಎಲ್ಲ ಮೇಲಕ್ಕೆ. ಯಾರ ಹೆಜ್ಜೆಗೆ ಕಾಯುತ್ತಿದ್ದೆ ಅಂತ ಈಗ ಹೇಳಿದರೆ ಯಾರಿಗೇನು ನಷ್ಟ, ಹೇಳುತ್ತೇನೆ. ಕೆಳಗಿನ ಸಾಲಿನ ಆರಾಸ್. ಮದುವೆ ಮನೆಗಳಲ್ಲಿ ಕುಣಿತದ ಸಾಲಿನ ತುದಿಗೆ ನಿಂತು ಕರವಸ್ತ್ರ ಬೀಸುತ್ತಿದ್ದವನು. ಸೈನ್ಯಕ್ಕೆ ಹೋಗಿದ್ದ, ಹಿಮ ಬೀಳುವ ಹೊತ್ತಿಗೆ ರಜಕ್ಕೆ ಬರುತ್ತಾನೆ ಅಂತ ಊರಲ್ಲಿ ಮಾತಿತ್ತು. ಅವನ ಜೋಡು ಸವೆಯುವುದನ್ನೇ ನಾನು ಎದುರು ನೋಡುತ್ತಿದ್ದೆ, ಸವೆದರೆ ತಾನೇ ನಮ್ಮ ಮನೆಗೆ ಬರುವುದು. ಅಕ್ಕಪಕ್ಕದ ಮಾಳಿಗೆಗಳಲ್ಲಿ ಸಲಿಕೆಯ ಸದ್ದು ಕೇಳುತ್ತಿತ್ತು, ನಗು ಕೇಳುತ್ತಿತ್ತು. ನಮ್ಮ ಮೇಲೆ ಏನೂ ಇಲ್ಲ. ಮರುದಿನವೂ ಇಲ್ಲ. ಸಂಜೆ ಹೊತ್ತಿಗೆ ಗೋಡೆಯ ಮೂಲೆಯಿಂದ ನೀರು ಜಿನುಗಿತು, ತೊಲೆ ಒಂದು ಸಲ ನರಳಿತು. ನಾನು ಅತ್ತದ್ದನ್ನು ಅಪ್ಪ ನೋಡಿದನೋ ಇಲ್ಲವೋ ಗೊತ್ತಿಲ್ಲ, ಎದ್ದು ಹೋಗಿ ತಾನೇ ಹಿಮ ತಳ್ಳಿ ಬಂದ.

ಅಲ್ಲಿಂದ ಮುಂದೆ ಎಂಥ ಹಿಮ ಬೀಳಲಿ, ನಾನು ಕಣ್ಣು ಬಿಡುವ ಹೊತ್ತಿಗೆ ಅಪ್ಪನ ಸಲಿಕೆ ಮೇಲೆ ಸರಸರ ಅನ್ನುತ್ತಿತ್ತು. ಕೇಳಿದರೆ, "ಹಳೇ ತೊಲೆ ಕಣಮ್ಮ. ಭಾರ ಕೂರೋಕೆ ಬಿಡಬಾರ್ದು," ಅನ್ನುತ್ತಿದ್ದ. ಸುಳ್ಳೇನಲ್ಲ, ತೊಲೆ ಬಗ್ಗುತ್ತಲೇ ಇತ್ತು. ಅಪ್ಪ ಊರಿಗೆಲ್ಲ ಮಾಮ್ ತೋಫೀಕ್, ಅಂದರೆ ತೋಫೀಕ್ ಮಾವ. ಮಾಮ್ ತೋಫೀಕ್ ಮಗಳನ್ನು ಕೊಡುವುದಿಲ್ಲ, ಕೊಟ್ಟರೆ ಕಲಾಶ್ ಹೆಣೆಯುವವರು ಯಾರು ಅಂತ ಹೆಂಗಸರು ಚಿಲುಮೆಯ ಹತ್ತಿರ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನಾನು ನಕ್ಕೆ. ಕೊಡಲ್ಲ ಅನ್ನುವುದಕ್ಕೆ ಕೇಳಿದ್ದಾದರೂ ಯಾರು? ಕೆಲವು ಚಳಿಗಾಲ ಕಳೆದ ಮೇಲೆ ಆರಾಸ್‌ಗೆ ಮದುವೆಯಾಯಿತು. ಮದುಮಗನ ಕಲಾಶ್ ಹೆಣೆದವಳು ನಾನೇ. ಹೆಣಿಗೆ ಚೆನ್ನಾಗಿ ಬಂದಿದೆ ಅಂತ ಎಲ್ಲರೂ ಹೊಗಳಿದರು.

ಕಳೆದ ಶರತ್ಕಾಲದಲ್ಲಿ ಅಪ್ಪ ಗಿಲಾವು ಹಾಕುತ್ತಾ ಅಂಚಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಮೊದಲ ದೊಡ್ಡ ಹಿಮ ಬಿದ್ದಾಗ ಅವನು ನಡುಮನೆಯಲ್ಲಿ ತೊಲೆಯ ನೇರ ಕೆಳಗೆ ಮಲಗಿದ್ದ. ಮೇಲಿನ ಮನೆಯವರು ಚಳಿಗಾಲಕ್ಕೆ ಮರಿವಾನ್ ಪೇಟೆಗೆ ಇಳಿದಿದ್ದರು. ಮಿಕ್ಕವರಿಗೆ ಅವರವರ ಮಾಳಿಗೆಯೇ ತಲೆನೋವು. ಒಂದು ಹಗಲು ಒಂದು ರಾತ್ರಿ ಬಿಡದೆ ಬಿದ್ದು ಬೆಳಗ್ಗೆ ನಿಂತಿತು. ಜಂತಿಗಳ ಸಂದಿಯಿಂದ ಮಣ್ಣಿನ ಪುಡಿ ಅಪ್ಪನ ರಜಾಯಿಯ ಮೇಲೆ ಉದುರುತ್ತಿತ್ತು.

"ಅಪ್ಪಾ, ಹಾಸಿಗೆ ಆ ಮೂಲೆಗೆ ಎಳೀತೀನಿ," ಅಂದೆ.

"ಬೇಡ. ತೊಲೆ ಏನಾದ್ರೂ ಅಂದ್ರೆ ನನಗೇ ಮೊದಲು ಕೇಳಿಸ್ಬೇಕು."

"ಅದು ತಲೆ ಮೇಲೆ ಬಿದ್ಮೇಲೆ ಕೇಳಿಸ್ಕೊಳ್ಳೋಕೆ ಕಿವಿ ಎಲ್ಲಿರುತ್ತೆ? ನಾನೇ ಹತ್ತಿ ತಳ್ತೀನಿ ಬಿಡು."

"ಹತ್ತಿ ನೋಡು. ಕಾಲು ಮುರೀತೀನಿ."

"ಮನೇಲಿ ಮುರಿದಿರೋದು ಒಂದು ಸಾಲ್ದಾ?"

ಅವನಿಗೆ ನಗು ಬಂತು, ನಕ್ಕರೆ ಸೊಂಟ ನೋಯುತ್ತದೆಂದು ತುಟಿ ಕಚ್ಚಿಕೊಂಡ. ಆಗಲೇ ಮೇಲೆ ಧಪ್ ಅಂತ ಸದ್ದಾಯಿತು. ಹಿಮದಲ್ಲಿ ಕಾಲು ಹೂತು, ಎದ್ದು, ಮತ್ತೆ ಹೂತ ಸದ್ದು. ಆಮೇಲೆ ಸಲಿಕೆ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಖುನಾವ್," ಅಂದ ಅಪ್ಪ, ಮೆಲ್ಲಗೆ. "ಯಾರೋ ಬಂದ."

"ಯಾರದೋ ಮೇಕೆ ಇರ್ಬೇಕು."

"ಮೇಕೆ ಸಲಿಕೆ ಹಿಡ್ಕೊಂಡು ಬರುತ್ತೇನೇ? ಸಮೋವಾರ್‌ಗೆ ಕೆಂಡ ಹಾಕು. ಹೋಗು, ಮುಖ ತೊಳ್ಕೋ."

ನಾನು ಟೀ ಕಾಯಿಸುವ ಸಮೋವಾರ್‌ಗೆ ನೀರು ತುಂಬಿದೆ, ಕೆಂಡ ಹಾಕಿದೆ. ಮೂವತ್ತು ದಾಟಿದ ಹೆಂಗಸು, ಹುಡುಗಿಯ ಹಾಗೆ ಮುಖ ಎರಡು ಸಲ ತೊಳೆದೆ. ಅಮ್ಮನ ಹೂವಿನ ಶಾಲು ಪೆಟ್ಟಿಗೆಯಲ್ಲಿತ್ತು, ಅದನ್ನು ಹೊದ್ದೆ. ಆಮೇಲೆ ಒಲೆಯ ಪಕ್ಕ ಕೂತು ಕೇಳುತ್ತಾ ಉಳಿದೆ. ಸಲಿಕೆ ಒಳಗೆ ಹೋಗುವುದು, ಹಿಮ ಅಂಚಿನವರೆಗೆ ಜಾರುವುದು, ಒಂದು ಗಳಿಗೆ ಏನೂ ಇಲ್ಲ, ಕೆಳಗೆ ಓಣಿಯಲ್ಲಿ ಮೆತ್ತಗೆ ಬೀಳುವುದು. ಮತ್ತೆ ಅದೇ. ಯಾರು ಅಂತ ಯೋಚಿಸಲಿಲ್ಲ. ಯೋಚಿಸಲು ಮನಸ್ಸಾಗಲಿಲ್ಲ. ಯಾರಾದರೇನು, ನಮ್ಮ ಮಾಳಿಗೆಯ ಮೇಲೆ ಒಂದು ಜೀವ ನನಗಾಗಿ ಬೆವರುತ್ತಿತ್ತು. ಹೆಜ್ಜೆಗಳು ಬೆಳಕಿಂಡಿಯ ಹತ್ತಿರ ಬಂದವು. ಒಂದು ಕೈ ಗಾಜಿನ ಮೇಲಿನ ಹಿಮವನ್ನು ಒರೆಸಿತು, ನೀಲಿಯಿದ್ದ ಮನೆ ಒಮ್ಮೆಗೇ ಬೆಳ್ಳಗಾಯಿತು. ಅಪ್ಪ ಕಣ್ಣು ಮುಚ್ಚಿ ಮುಖವನ್ನು ಆ ಬೆಳಕಿಗೆ ಹಿಡಿದ. ಅಷ್ಟು ಸುಖವಾಗಿ ಅವನು ಮಲಗಿದ್ದನ್ನು ಅಮ್ಮ ಹೋದ ಮೇಲೆ ನಾನು ನೋಡಿರಲಿಲ್ಲ. ನಾನೂ ಸುಖವಾಗಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ತುಂಬಾ ಸುಖವಾಗಿದ್ದೆ.

"ಅರ್ಧ ಆಗಿರ್ಬೇಕು," ಅಂದ ಅಪ್ಪ. "ಟೀ ತಗೊಂಡು ಹೋಗು. ಮನೆ ಹಿರಿಯ ಇಡ್ಬೇಕಾದ್ದು, ಏನ್ಮಾಡೋದು, ಹಿರಿಯ ಹಾಸಿಗೆ ಹಿಡಿದಿದ್ದಾನೆ."

"ನನ್ನ ಟೀ ನಾನೇ ಇಡೋದಾ? ಊರು ಏನನ್ನುತ್ತೆ?"

"ಊರು ಯಾವತ್ತೂ ಏನೋ ಅಂತಾನೇ ಇರುತ್ತೆ. ಸಕ್ಕರೆ ಜಾಸ್ತಿ ಇಡು."

ಗ್ಲಾಸು, ಸಕ್ಕರೆ ಉಂಡೆ, ಒಂದು ಹಿಡಿ ಒಣ ಹಿಪ್ಪುನೇರಳೆ ಹಣ್ಣು. ತಟ್ಟೆ ಹಿಡಿದು ಹೊರಗಿನ ಏಣಿ ಹತ್ತಿದೆ. ತಲೆ ಮಾಳಿಗೆಯ ಅಂಚಿಗಿಂತ ಮೇಲೆ ಬಂದಾಗ ಬಿಸಿಲಿಗೆ ಕಣ್ಣು ಕುಕ್ಕಿತು. ಬೆಟ್ಟ, ಊರು, ಆಕಾಶ ಯಾವುದು ಎಲ್ಲಿ ಮುಗಿಯುತ್ತದೆಂದು ತಿಳಿಯದಷ್ಟು ಬಿಳಿ. ನಡುವೆ ಒಬ್ಬ ಹುಡುಗ, ಟೋಪಿಯಿಂದ ಹಬೆಯೇಳುತ್ತಿತ್ತು. ಕಣಿವೆಯಾಚೆಯ ಊರಿನ ಹೀಮನ್. ಮರ ಹತ್ತಿ ಅಕ್ರೋಟು ಬಡಿದು ಉದುರಿಸುವವನು, ಶರತ್ಕಾಲದಲ್ಲಿ ಕಲಾಶ್ ಕೊಳ್ಳಲು ಬಂದಿದ್ದ. ಇಪ್ಪತ್ತೈದೂ ಇರಲಾರದು.

ಅವನು ನನ್ನನ್ನು ನೋಡಿದ, ತಟ್ಟೆಯನ್ನು ನೋಡಿದ. ಮುಖದ ಬಣ್ಣ ಇಳಿಯಿತು.

"ಅಕ್ಕಾ... ಇದು ಮಾಮ್ ನಾಸಿಹ್ ಅವರ ಮಾಳಿಗೆ ಅಲ್ವಾ?"

ಮಾಮ್ ನಾಸಿಹ್ ಅವರದು ನಮಗಿಂತ ಒಂದು ಸಾಲು ಕೆಳಗೆ. ಅವರ ಮಗಳು ಪರ್ಶಂಗ್ ಚೆಂದದ ಹುಡುಗಿ.

"ಅವರದು ಅದು, ಅಲ್ಲಿ," ಅಂದೆ.

"ಹಿಮದಲ್ಲಿ ಎಲ್ಲ ಮನೆನೂ ಒಂದೇ ಥರ ಕಾಣುತ್ತೆ. ಹಿಮ ತೆಗೆಯದೆ ಬಿಟ್ಟಿರೋ ಮಾಳಿಗೆ, ಅದೇ ಗುರುತು ಅಂತ ಹೇಳಿ ಕಳ್ಸಿದ್ರು. ಈ ಕಡೆ ಹಿಮ ಬಿಡೋ ಮನೆ ಬೇರೆ ಇಲ್ವೇ ಇಲ್ಲ ಅಂದ್ರು." ಅಳು ಬರುವಂತಾಗಿದ್ದ. "ಅಕ್ಕಾ, ನಾನು ಕೆಟ್ಟೆ. ಈಗ ಏನ್ಮಾಡ್ಲಿ?"

ಕೆಳಗಿನ ಮಾಳಿಗೆಯಲ್ಲಿ, ಮುಟ್ಟದ ಹಿಮದ ನಡುವೆ, ಪರ್ಶಂಗ್‌ಳ ತಾಯಿ ಗೆಲಾವೇಜ್, ನಾವೆಲ್ಲ ಪೂರಾ ಅಂದರೆ ಅತ್ತೆ ಅನ್ನುವವಳು, ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡುತ್ತಿದ್ದಳು. ಅವಳ ಹಿಂದೆ ಮೆಟ್ಟಿಲ ಬಾಗಿಲ ಮರೆಯಲ್ಲಿ ಒಂದು ಕೆಂಪು ಲಂಗ. ಎಲ್ಲ ಸಾಲುಗಳಲ್ಲೂ ಸಲಿಕೆಗಳು ನಿಂತಿದ್ದವು. ನಾನು ತಟ್ಟೆ ಕೆಳಗಿಟ್ಟರೆ ಈ ಹುಡುಗ ನನ್ನವನು, ಅವನಿಗೆ ಬೇಕಿರಲಿ ಬೇಡವಿರಲಿ. ಇಡದೆ ಇಳಿದರೆ ಅವನು ಟೀ ಸಿಗದವನು, ಪರ್ಶಂಗ್‌ಳ ಮಾಳಿಗೆ ಈ ಚಳಿಗಾಲ ಹತ್ತುವಂತಿಲ್ಲ, ಮುಂದಿನ ಚಳಿಗಾಲದವರೆಗೆ ಗೆಲಾವೇಜ್ ಮಗಳನ್ನು ಕಾಯಿಸುವವಳಲ್ಲ. ಉಳಿದದ್ದು ಒಂದೇ ದಾರಿ. ಅದು ಎಲ್ಲರ ಕಿವಿಗೆ ಬೀಳುವ ದಾರಿ, ಕೆಳಗೆ ಬೆಳಕಿಗೆ ಮುಖ ಹಿಡಿದು ಮಲಗಿದವನ ಕಿವಿಗೂ.

ಒಂದು ಗಳಿಗೆ ತಟ್ಟೆ ಇಟ್ಟುಬಿಡೋಣ ಅನಿಸಿತು. ಅನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ.

ಕೊನೆಗೆ ಏಣಿಯ ತುದಿಯಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದೆ. "ಕೇಳ್ರಪ್ಪೋ! ಈ ಹುಡುಗ ದಾರಿ ತಪ್ಪಿ ಬಂದಿದ್ದಾನೆ. ಬಂದಿರೋದು ಪರ್ಶಂಗ್‌ಗೆ, ಹತ್ತಿರೋದು ನಮ್ಮ ಮಾಳಿಗೆ. ನನ್ನನ್ನ ಯಾರೂ ಕೇಳಿಲ್ಲ, ನಾನು ಯಾರಿಗೂ ಏನೂ ಕೊಟ್ಟಿಲ್ಲ. ಪೂರಾ ಗೆಲಾವೇಜ್, ನಿಮ್ಮ ಅಳಿಯನಿಗೆ ಕಣ್ಣು ಸ್ವಲ್ಪ ಮಂಜು, ಕೈ ಮಾತ್ರ ಗಟ್ಟಿ. ಬೇಗ ಕರ್ಕೊಳ್ಳಿ, ಇಲ್ದಿದ್ರೆ ಮಸೀದಿ ಮಾಳಿಗೆನೂ ಬಳಿದುಬಿಡ್ತಾನೆ!"

ಅಷ್ಟು ಹೇಳಿ ಸಕ್ಕರೆ ಉಂಡೆಯನ್ನು ಹಲ್ಲಿಗೆ ಸಿಕ್ಕಿಸಿಕೊಂಡು, ಆ ಟೀಯನ್ನು ಎಲ್ಲರ ಎದುರಿಗೆ ನಾನೇ ಕುಡಿದೆ.

ಊರು ನಕ್ಕಿತು. ಒಂದು ಸಾಲಿನಿಂದ ಇನ್ನೊಂದಕ್ಕೆ ನಗು ಇಳಿಯುತ್ತಾ ಹೋಯಿತು. "ಖುನಾವ್, ನಮ್ಮ ಮಾಳಿಗೆಗೂ ಒಬ್ಬನ್ನ ದಾರಿ ತಪ್ಸಿ ಕಳ್ಸೇ!" ಅಂತ ಯಾರೋ ಮುದುಕಿ ಕೂಗಿದಳು. ಗೆಲಾವೇಜ್‌ಳ ಕೈ ಸೊಂಟದಿಂದ ಇಳಿಯಿತು. ಹೀಮನ್ ನನ್ನ ಕೈ ಕಣ್ಣಿಗೊತ್ತಿಕೊಂಡು, ಏಣಿಯನ್ನೂ ಹುಡುಕದೆ ಅಂಚಿನಿಂದ ಓಣಿಯ ಹಿಮಕ್ಕೆ ಹಾರಿದ. ಸ್ವಲ್ಪ ಹೊತ್ತಿಗೆ ಕೆಳಗಿನ ಮಾಳಿಗೆಯಲ್ಲಿ ಅವನ ಸಲಿಕೆ ಕೇಳಿಸಿತು, ನಮ್ಮಲ್ಲಿ ತಳ್ಳಿದ್ದಕ್ಕಿಂತ ಜೋರಾಗಿ.

ನಮ್ಮ ಮಾಳಿಗೆ ಅರ್ಧ ಬೋಳು, ಅರ್ಧ ಹಿಮ. ಇದು ಪೂರ್ತಿ ಹಿಮಕ್ಕಿಂತ ಕೆಟ್ಟದ್ದು. ಭಾರವೆಲ್ಲ ಒಂದೇ ಮಗ್ಗುಲಿಗೆ ಬಿದ್ದು ತೊಲೆ ತಿರುಚಿಕೊಳ್ಳುತ್ತದೆ. ಕೆಳಗಿಂದ ಕರ್ ಅಂದದ್ದು ನನ್ನ ಕಾಲಿಗೇ ತಿಳಿಯಿತು. ಅಪ್ಪ ಕಾಲು ಮುರಿದರೆ ಮುರಿಯಲಿ ಎಂದು ಸಲಿಕೆ ತೆಗೆದುಕೊಂಡು ಹತ್ತಿದೆ. ನಾಲ್ಕು ಸಲ ತಳ್ಳುವುದರೊಳಗೆ ಪಕ್ಕದಲ್ಲಿ ಇನ್ನೊಂದು ಸಲಿಕೆ ಬಂತು.

ಆರಾಸ್. ಮೀಸೆ ನರೆತಿತ್ತು. ಹೆಂಡತಿ ಕೆಳಗಿನ ಅಂಗಳದಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು, "ಪಾಪ, ಆ ಮೂಲೆನೂ ತಳ್ಳಿ ಬನ್ನಿ," ಅಂತ ಕೂಗಿ ಹೇಳಿದಳು. ಮದುವೆಯಾದವನು ನೆರೆಯವರ ಹಿಮ ತಳ್ಳಿದರೆ ಅದು ಬರೀ ಹಿಮ. ಇಬ್ಬರೂ ಮಾತಿಲ್ಲದೆ ತಳ್ಳಿದೆವು. ಸಲಿಕೆಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಬಿಸಿಲು ಏರಿ ಅಂಚಿನಿಂದ ಹನಿಗಳು ಬೀಳತೊಡಗಿದ್ದವು. ನನಗೆ ಇನ್ನೂ ಬೆಳಗಿನ ಮಂಪರು ಹರಿದಿರಲಿಲ್ಲವೇನೋ. ಹದಿನೆಂಟರಲ್ಲಿ ಕೇಳದೆ ಹೋದ ಸದ್ದು ಇದೇ ಇರಬೇಕು, ಹಾದಿ ಸುತ್ತಿಕೊಂಡು ಈಗ ತಲುಪಿತು ಅನ್ನಿಸುತ್ತಿತ್ತು.

ಬೆಳಕಿಂಡಿಯ ಹತ್ತಿರ ನಿಂತು ಅವನು ಬೆವರು ಒರೆಸಿಕೊಂಡ.

"ಈ ಮಾಳಿಗೆ ಮೇಲೆ ಹಿಮ ಹೆಂಗಿರುತ್ತೆ ಅಂತ ಇವತ್ತೇ ನೋಡಿದ್ದು," ಅಂದ, ನಗುತ್ತಾ. "ನಿಮ್ಮಪ್ಪ ಬಿಡ್ತಾನೇ ಇರ್ಲಿಲ್ವಲ್ಲ. ಎಷ್ಟು ಬೇಗ ಎದ್ದು ಬಂದ್ರೂ ಬೋಳು."

ನಾನು ಸಲಿಕೆ ಹಿಮಕ್ಕೆ ನೆಟ್ಟು ಅವನತ್ತ ತಿರುಗಿದೆ. "ನೀನು ಯಾಕೆ ಬರ್ತಿದ್ದೆ?"

"ಯಾಕೆ ಬರ್ತಾರೆ?" ಅಂದ. ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಆಚೆ ಹೋಯಿತು. "ನಿಮ್ಮ ಮನೇಲಿ ಮೊದಲ ಸಲ ಹಿಮ ಬಿಟ್ಟ ವರ್ಷ ನಾನು ಸೈನ್ಯದಲ್ಲಿದ್ದೆ, ರಜ ಸಿಗ್ಲಿಲ್ಲ. ಬಂದ್ಮೇಲೆ ಎರಡು ಚಳಿಗಾಲ ನೋಡ್ದೆ. ಕೊಡೋ ಮನಸ್ಸಿಲ್ಲ ಅಂತ ತಿಳ್ಕೊಂಡೆ. ಹಳೇ ಕತೆ ಬಿಡು. ಈ ಮಣ್ಣು ಒಂದು ಪದರ ತೆಗೆಸು ಖುನಾವ್, ತೊಲೆ ಇನ್ನು ತಡೆಯಲ್ಲ."

ಉಳಿದ ಮೂಲೆ ತಳ್ಳಿ, ಸಲಿಕೆ ಕೊಡವಿ, ಇಳಿದು ಮನೆಗೆ ಹೋದ.

ಬೋಳು ಮಾಳಿಗೆಯ ಮೇಲೆ ನಾನೊಬ್ಬಳೇ ಉಳಿದಾಗ ಸಿಟ್ಟು ಬಂತು. ಅಪ್ಪನ ಮೇಲೆ, ಅವನ ಸಲಿಕೆಯ ಮೇಲೆ, ನಾನು ನಿದ್ದೆಯಲ್ಲಿ ಕಳೆದ ಆ ಎಲ್ಲ ಬೆಳಗುಗಳ ಮೇಲೆ. ನಾನು ಕಾದು ಅಳಬಾರದೆಂದು ಅವನು ಕತ್ತಲಲ್ಲಿ ಏಳುತ್ತಿದ್ದ, ಅಷ್ಟೇ. ಅದು ನನಗೆ ಯಾವಾಗಲೋ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಅಪ್ಪನಿಗೆ ಹೇಳುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡು ಏಣಿ ಇಳಿದೆ.

ಒಳಗೆ ಚಳಿ ತುಂಬಿತ್ತು. ಹೊಗೆ ಹೋಗಲೆಂದು ಬೆಳಕಿಂಡಿಯ ಗಾಜಿಗೆ ಕಟ್ಟಿದ ಹಗ್ಗವನ್ನು ಅಪ್ಪ ಎಳೆದು ಹಿಡಿದುಕೊಂಡಿದ್ದ. ಗಾಜು ಪೂರ್ತಿ ತೆರೆದಿತ್ತು.

"ಎಲ್ಲ ತಳ್ಳಿದ್ರಾ?" ಅಂದ.

"ಹೂಂ. ತೊಲೆ ಸುಮ್ಮನಾಯ್ತು. ಗಾಜು ಮುಚ್ಚು, ಶೀತ ಆಗುತ್ತೆ."

ಮುಚ್ಚಲಿಲ್ಲ. "ಆರಾಸ್..." ಅಂದ.

"ಅವನು ತಮಾಷೆ ಮಾಡ್ದ ಅಪ್ಪ. ಅವನ ಬುದ್ಧಿ ಗೊತ್ತಲ್ಲ. ನಿದ್ದೆ ಮಾಡು."

ಅಪ್ಪ ನನ್ನ ಕಡೆ ತಿರುಗಲಿಲ್ಲ. "ನಾನು ಅವನನ್ನ ನೋಡ್ದೆ ಕಣಮ್ಮ, ಒಂದು ಸಲ. ಬೆಳಗಿನ ಜಾವ. ಹೆಗಲ ಮೇಲೆ ಸಲಿಕೆ ಇಟ್ಕೊಂಡು ಓಣಿಯಲ್ಲಿ ನಿಂತಿದ್ದ. 'ಏನೋ ಇಷ್ಟು ಬೇಗ?' ಅಂತ ನಾನೇ ಕೇಳ್ದೆ. 'ಹೀಗೇ ಮಾಮ್' ಅಂದ. ತಮ್ಮ ಮಾಳಿಗೆಗೆ ಹೊರಟಿದ್ದಾನೆ ಅಂದ್ಕೊಂಡೆ."

ನಾನು ಅವನ ಪಕ್ಕ ಕೂತು ಹಗ್ಗ ಬಿಡಿಸಿಕೊಳ್ಳಲು ನೋಡಿದೆ. ಕೈ ಬಿಗಿಯಾಗಿತ್ತು.

"ಒಂದು ಮೂಲೆ ಉಳಿದಿತ್ತು ಖುನಾವ್," ಅಂದ ಅಪ್ಪ. "ಅವನು ನಿಂತು ನೋಡ್ತಿದ್ದಾಗ ಇನ್ನೂ ಒಂದು ಮೂಲೆ ಹಿಮ ಉಳಿದಿತ್ತು. ಅದನ್ನೂ ನಾನೇ ತಳ್ಳಿಬಿಟ್ಟೆ."